ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಆಲೂಗಡ್ಡೆ ಕಿಲೋಗೆ 20 ರೂಪಾಯಿ, ಈರುಳ್ಳಿ 15. ಗಿರಾಕಿ 800 ಗ್ರಾಂ ಆಲೂಗಡ್ಡೆ, ಒಂದು ಕಿಲೋ 400 ಗ್ರಾಂ ಈರುಳ್ಳಿ ತೂಗಿಸಿಕೊಂಡು 200ರ ನೋಟು ಚಾಚುತ್ತಾನೆ. ಒಟ್ಟು 37 ರೂಪಾಯಿ, ವಾಪಸು ಕೊಡಬೇಕಾದ ಚಿಲ್ಲರೆ 163. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಿಗೆ ಇಂಥ ಲೆಕ್ಕ ದಿನನಿತ್ಯದ್ದು. ಕಾಗದ, ಪೆನ್ನಿನ ಗೊಡವೆಯಿಲ್ಲದೆ ಬಾಯಲ್ಲೇ ಬಿಡಿಸುತ್ತಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಎಲಿಜಬೆತ್ ಸ್ಪೆಲ್ಕೆ ಮತ್ತು ಸಂಗಡಿಗರು ಅಂಥ 1,436 ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ವ್ಯಾಪಾರದ ಲೆಕ್ಕದಲ್ಲಿ ಬಹುತೇಕ ಎಲ್ಲರೂ ಪಳಗಿದವರೇ. ಅಷ್ಟೇ ಕಷ್ಟದ, ಕೆಲವೊಮ್ಮೆ ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೀ ಅಂಕಿಗಳಾಗಿ ಮುಂದಿಟ್ಟಾಗ ಮಾತ್ರ ಕೈಚೆಲ್ಲಿದರು. ಅದೇ ಆಸುಪಾಸಿನ ಶಾಲೆಗಳಲ್ಲಿ ಓದುವ, ವ್ಯಾಪಾರ ಮಾಡಿ ಗೊತ್ತಿಲ್ಲದ 471 ಮಕ್ಕಳದು ತಿರುಗುಮುರುಗು ಕಥೆ. ಸರಳವಾದ ಅಂಕಿಯ ಲೆಕ್ಕ ಅವರಿಗೆ ಹೆಚ್ಚು ಚೆನ್ನಾಗಿ ಬರುತ್ತಿತ್ತು. ಆದರೆ ದುಡಿಯುವ ಮಕ್ಕಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿ ಬಿಡಿಸಿದ ಒಂದು ಸಂತೆ ಲೆಕ್ಕಕ್ಕೆ ಸರಿ ಉತ್ತರ ಕೊಟ್ಟವರು ಇವರಲ್ಲಿ ಶೇ. 1ರಷ್ಟು ಮಾತ್ರ.

ಇದನ್ನು ಓದಿದವರು ಸಾಮಾನ್ಯವಾಗಿ ಮೊದಲರ್ಧವನ್ನಷ್ಟೇ ಹಿಡಿದುಕೊಂಡು ಶಾಲೆಯನ್ನು ಬೈಯುತ್ತಾರೆ. ‘ಬದುಕೇ ದೊಡ್ಡ ಪಾಠಶಾಲೆ’ ಎನ್ನುವುದು ಕೇಳಲು ಹಿತವಾದ ಮಾತು. ಆದರೆ ಅಂಗಡಿಯಲ್ಲಿ ತಪ್ಪದ ಹುಡುಗ ಹಲಗೆಯ ಮೇಲಿನ ಭಾಗಾಕಾರಕ್ಕೆ ಸೋತರೆ ಅವನಿಗೆ ಬೀಜಗಣಿತದ ಬಾಗಿಲು ಮುಚ್ಚಿದಂತೆಯೇ. ಕೆಲಸ ತಾನಾಗಿ ಗಣಿತ ಕಲಿಸುವುದಿಲ್ಲ, ಗಣಿತದ ಪಾಠ ತಾನಾಗಿ ಕೆಲಸಕ್ಕೆ ಬರುವುದಿಲ್ಲ. ಎರಡನ್ನೂ ಯಾರಾದರೂ ಉದ್ದೇಶಪೂರ್ವಕವಾಗಿ ಬೆಸೆಯಬೇಕು, ಮತ್ತು ಆ ಬೆಸುಗೆ ಆಗುವುದು ಒಂದು ಒಳ್ಳೆಯ ಪ್ರಶ್ನೆಯಿಂದ.

ಹೇಗೆಂಬುದಕ್ಕೆ ಬ್ರೆಜಿಲ್‌ನ ರೆಸೀಫೆ ನಗರದ ಒಂದು ಹಳೆಯ ಅಧ್ಯಯನ ನೋಡಬೇಕು. 1985ರಲ್ಲಿ ಪ್ರಕಟವಾದದ್ದು; ಪರೀಕ್ಷೆಗೆ ಒಳಗಾದವರು ಐದೇ ಮಕ್ಕಳು, ಹಾಗಾಗಿ ಅದರ ಶೇಕಡಾವಾರುಗಳಿಗಿಂತ ಮಕ್ಕಳ ಮಾತೇ ಮುಖ್ಯ. ತೆಂಗಿನಕಾಯಿ ಮಾರುವ 12 ವರ್ಷದ ಹುಡುಗನಿಗೆ ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರು. ಮೂರು ಕಾಯಿಗೆ 105 ಎಂಬುದು ಅವನ ನಾಲಿಗೆಯ ಮೇಲಿತ್ತು. ಇನ್ನೂ ಮೂರು ಸೇರಿಸಿದರೆ 210, ಮತ್ತೆ ಮೂರಕ್ಕೆ 315, ಉಳಿದೊಂದು ಸೇರಿ 350. ನಾವಾದರೆ 35ರ ಮುಂದೆ ಸೊನ್ನೆ ಹಾಕಿ ಮುಗಿಸುತ್ತೇವೆ. ಆ ಸೊನ್ನೆ ಏಕೆ ಹಾಕುತ್ತೇವೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಿಯಾರು? ಹುಡುಗನಿಗೆ ಮಾತ್ರ ತಾನು ಮಾಡುತ್ತಿರುವುದೇನೆಂದು ಗೊತ್ತಿತ್ತು: ಹತ್ತನ್ನು ಮೂರು, ಮೂರು, ಮೂರು, ಒಂದು ಎಂದು ಒಡೆದು, ಒಂದೊಂದನ್ನೂ ಬೆಲೆಯಿಂದ ಗುಣಿಸಿ ಕೂಡಿಸಿದ್ದ. ಪಠ್ಯಪುಸ್ತಕ ಇದನ್ನು ವಿತರಣಾ ನಿಯಮ ಎನ್ನುತ್ತದೆ. ಮೇಷ್ಟ್ರು ಆ ಲೆಕ್ಕವನ್ನು ಅವನು ಹೇಳಿದಂತೆಯೇ ಹಲಗೆಯ ಮೇಲೆ ಬರೆದು, ‘ಐದೈದಾಗಿ ಒಡೆದರೂ ಇಷ್ಟೇ ಬರುತ್ತದೆಯೇ? ಹೇಗೆ ಒಡೆದರೂ ಬರುತ್ತದೆಯೇ? ಯಾಕೆ?’ ಎಂದು ತರಗತಿಗೆ ಕೇಳಿದರೆ ಬೀಜಗಣಿತದ ಪಾಠ ಶುರುವಾದಂತೆ.

ದೊಡ್ಡವರ ಕೆಲಸದಲ್ಲೂ ಇಂಥ ಗಣಿತ ಅಡಗಿರುತ್ತದೆ. ಇಂಗ್ಲೆಂಡಿನಲ್ಲಿ ಸೀಲಿಯಾ ಹಾಯ್ಲ್ಸ್, ರಿಚರ್ಡ್ ನಾಸ್ ಮತ್ತು ಸ್ಟೆಫಾನೊ ಪೊಝಿ ಆಸ್ಪತ್ರೆಯ ನರ್ಸ್‌ಗಳನ್ನು ಗಮನಿಸಿದಾಗ, ಔಷಧದ ಪ್ರಮಾಣ ಲೆಕ್ಕಹಾಕಲು ಅವರು ತರಬೇತಿಯಲ್ಲಿ ಕಲಿತ ಸೂತ್ರಕ್ಕಿಂತ ಆಯಾ ಔಷಧಕ್ಕೆ ಹೊಂದುವ ಉಪಾಯಗಳನ್ನೇ ಹೆಚ್ಚು ಬಳಸುತ್ತಿದ್ದರು. 2 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧವಿದ್ದರೆ, ಬೇಕಾದ ಮಿಲಿಗ್ರಾಂ ಅನ್ನು ದುಪ್ಪಟ್ಟು ಮಾಡಿ ನೂರರಿಂದ ಭಾಗಿಸಿದರಾಯಿತು. 120 ಮಿಲಿಗ್ರಾಮಿಗೆ 2.4 ಮಿಲಿಲೀಟರು. ಬೇರೆ ಸಾಂದ್ರತೆಯ ಸೀಸೆ ಬಂದರೆ ಈ ಉಪಾಯ ನಡೆಯುತ್ತದೆಯೇ? ನಡೆಯದಿದ್ದರೆ ಹೊಸದನ್ನು ಹೇಗೆ ಕಟ್ಟಬೇಕು? ತ್ರೈರಾಶಿಯನ್ನೂ ಸಾಂದ್ರತೆಯನ್ನೂ ಒಂದೇ ಪ್ರಶ್ನೆಯಲ್ಲಿ ಹಿಡಿಯಬಹುದು, ಅದೂ ತಪ್ಪಿದರೆ ಏನಾಗುತ್ತದೆಂಬ ಅರಿವಿನೊಂದಿಗೆ.

ಮಕ್ಕಳೇ ಎಲ್ಲವನ್ನೂ ಕಂಡುಕೊಳ್ಳಲಿ ಎಂದು ಬಿಟ್ಟರೆ ಏನೂ ಕಲಿಯುವುದಿಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಕಿರ್ಶ್‌ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು 2006ರಲ್ಲಿ ಇದನ್ನೇ ವಾದಿಸಿದರು: ಹೊಸಬರ ನೆನಪಿನ ಮೇಲೆ ಏಕಕಾಲಕ್ಕೆ ಹೊರೆ ಹೇರಿದರೆ ಕಲಿಕೆ ಕುಸಿಯುತ್ತದೆ. ಒಪ್ಪಲೇಬೇಕಾದ ಮಾತು, ಆದರೆ ಅದು ಮಾರ್ಗದರ್ಶನವಿಲ್ಲದ ಅನ್ವೇಷಣೆಗೆ ಅನ್ವಯಿಸುತ್ತದೆ. ಮೇಲೆ ಹೇಳಿದ ಪ್ರಶ್ನೆಗಳನ್ನು ಆಯ್ದು, ಸರಿಯಾದ ಹೊತ್ತಿಗೆ ಕೇಳಿ, ಕೊನೆಗೆ ನಿಯಮವನ್ನು ಸ್ಪಷ್ಟವಾಗಿ ಹೇಳುವವರು ಮೇಷ್ಟ್ರೇ. ಮಕ್ಕಳನ್ನು ಬಡಗಿಯ ಅಂಗಡಿಗೆ ಕರೆದೊಯ್ದು ತೋರಿಸಿ ವಾಪಸು ಕರೆತರುವ ಬ್ಯಾಗ್‌ರಹಿತ ದಿನ ಪಿಕ್‌ನಿಕ್ ಆಗುವುದು ಈ ಪ್ರಶ್ನೆಗಳಿಲ್ಲದಾಗ.

ಇನ್ನೊಂದು ಆಕ್ಷೇಪ ಇನ್ನಷ್ಟು ಆಳದ್ದು, ನಮ್ಮ ನೆಲದ್ದು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿ, ಹಳ್ಳಿ ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಉಳಿದರ್ಧ ಮನೆಯ ಕಸುಬಿನಲ್ಲಿ ಕಲಿಯಲಿ ಎಂಬ ಯೋಜನೆ ತಂದರು. ದಕ್ಷಿಣ ಕನ್ನಡವೂ ಆಗ ಆ ರಾಜ್ಯದಲ್ಲೇ ಇತ್ತು. ಇದು ‘ಕುಲಕಲ್ವಿ’, ಅಂದರೆ ಜಾತಿಯ ಶಿಕ್ಷಣ, ಎಂದು ವಿರೋಧಿಗಳು ಸಿಡಿದೆದ್ದರು. ಮರುವರ್ಷ ಮುಖ್ಯಮಂತ್ರಿಯಾದ ಕಾಮರಾಜರು ಅದನ್ನು ಕೈಬಿಟ್ಟರು. ಆ ಸಿಟ್ಟು ನ್ಯಾಯವಾದದ್ದು. ಮಗುವನ್ನು ಅಪ್ಪನ ಕಸುಬಿಗೆ ವಾಪಸು ಕಳಿಸುವುದು ಶಿಕ್ಷಣವಲ್ಲ. ಕಸುಬು ತರಗತಿಗೆ ಬರಬೇಕಾದರೆ ಎಲ್ಲರ ಕಸುಬೂ ಎಲ್ಲರಿಗೂ ಬರಬೇಕು: ವಕೀಲರ ಮಗಳು ಗಾರೆಯ ಮಿಶ್ರಣದ ಅನುಪಾತ ಹಾಕಬೇಕು, ಗಾರೆಯವರ ಮಗ ನರ್ಸ್‌ನ ಸೀಸೆಯ ಲೆಕ್ಕ ಮಾಡಬೇಕು.

ಪರೀಕ್ಷೆಯ ಮಾತು ಉಳಿಯಿತು. ಎಸ್ಸೆಸ್ಸೆಲ್ಸಿ ಎದುರಿಗಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವ ಶಿಕ್ಷಕರನ್ನು ದೂರುವಂತಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಕಾರ್ಯಕ್ರಮ ಮಕ್ಕಳ ಕೈಯಲ್ಲೇ ಪ್ರಯೋಗ ಮಾಡಿಸುವುದರ ಜೊತೆಗೆ ಪರೀಕ್ಷೆಯನ್ನೂ ಬದಲಿಸಿತ್ತು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವುದು, ಪ್ರಯೋಗ ಮಾಡಿ ತೋರಿಸುವುದು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತಾದರೂ ಸರ್ಕಾರಿ ಶಾಲೆಗಳಲ್ಲೇ 30 ವರ್ಷ ನಡೆದದ್ದನ್ನು ಅಸಾಧ್ಯವೆನ್ನಲಾಗದು. ಅಲ್ಲದೆ ಪ್ರತಿ ಪಾಠಕ್ಕೂ ಇದು ಬೇಕಿಲ್ಲ. ಅನುಪಾತ, ಶೇಕಡಾ, ವಿಸ್ತೀರ್ಣ, ಉಷ್ಣ, ವಿದ್ಯುತ್ತಿಗೆ ಕಸುಬಿನ ಪ್ರಶ್ನೆ ಸಹಜವಾಗಿ ಹೊಂದುತ್ತದೆ. ಅವಿಭಾಜ್ಯ ಸಂಖ್ಯೆಗಳು ಎಂದಿಗೂ ಮುಗಿಯುವುದಿಲ್ಲ ಎಂಬ ಸಾಧನೆಗೆ ಬಡಗಿಯ ಅಂಗಡಿಯ ಹಂಗಿಲ್ಲ. ಅಲ್ಲಿ ಸೀಮೆಸುಣ್ಣ, ಹಲಗೆ ಸಾಕು.