ಚಂದ್ರನಿಂದ ಮರಳುವ ದಾರಿ

2023ನೆಯ ಇಸವಿ ಆಗಸ್ಟ್ 23ರ ಸಂಜೆ. ಗೊರೂರಿನ ನಮ್ಮ ಮನೆಯಲ್ಲಿ ನೆರೆಹೊರೆಯವರೆಲ್ಲ ಟಿ.ವಿ.ಯ ಮುಂದೆ ಕುಳಿತಿದ್ದರು. ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ 'ವಿಕ್ರಮ್' ಚಂದ್ರನ ನೆಲವನ್ನು ಮುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಮ್ಮ ತಂದೆಯವರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಳಿದದ್ದೇನೋ ಆಯ್ತು ಮಗ, ವಾಪಸ್ ಬರೋದು ಹೆಂಗೆ?" ಎಂದು ಕೇಳಿದರು. ಅದು ಬರುವುದಿಲ್ಲ, ಅಲ್ಲಿಯೇ ಉಳಿಯುತ್ತದೆ ಎಂದೆ. "ಮನುಷ್ಯರು ಹೋದ್ರೆ?" ಎಂದರು. ಆಗ ಪಿ.ಯು.ಸಿ. ಓದುತ್ತಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ಶಾಲೆಯ ಮೆಟ್ಟಿಲು ಹತ್ತದ ತಂದೆಯವರ ಆ ಪ್ರಶ್ನೆಯೇ ಚಂದ್ರಯಾತ್ರೆಯ ಯೋಜನೆಗಳೆಲ್ಲದರ ತಿರುಳು ಎಂಬುದು ಈಚೆಗೆ ಒಂದಿಷ್ಟು ಓದಿದ ಮೇಲೆ ತಿಳಿಯಿತು. ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ಮಾನವನು ಚಂದ್ರನ ಮೇಲೆ ಮೊದಲು ಕಾಲಿಟ್ಟದ್ದು 1969ರ ಜುಲೈಯಲ್ಲಿ. 1972ರ ಡಿಸೆಂಬರಿನವರೆಗೆ ಆರು ಸಲ ಅಮೆರಿಕದ ಯಾತ್ರಿಗಳು ಅಲ್ಲಿ ಇಳಿದರು. ನಡೆದಾಡಿದವರು ಒಟ್ಟು ಹನ್ನೆರಡು ಮಂದಿ. ಅನಂತರ ಅರ್ಧ ಶತಮಾನ ಯಾರೂ ಹೋಗಲಿಲ್ಲವೇಕೆ? ವಿದ್ಯೆ ಮರೆತುಹೋಯಿತೆಂದಲ್ಲ. ಅದು ಸೋವಿಯತ್ ರಷ್ಯದೊಡನೆ ನಡೆದ ಪಂದ್ಯವಾಗಿತ್ತು. ಪಂದ್ಯ ಗೆದ್ದ ಮೇಲೆ ಹಣ ಸುರಿಯುವ ಉತ್ಸಾಹ ಇಳಿಯಿತು.

ಇನ್ನು ಮರಳುವ ಕಷ್ಟದ ವಿಚಾರ. ಶಿವರಾತ್ರಿಗೆ ನಮ್ಮ ಜಿಲ್ಲೆಯನ್ನು ಹಾದು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ದಾರಿಯಲ್ಲಿ ಅನ್ನ ನೀರು ಕೊಡುವವರು ಯಾರೂ ಇಲ್ಲವೆಂದು ಭಾವಿಸೋಣ. ಆಗ ಹೋಗುವ ದಾರಿಗೂ ಬರುವ ದಾರಿಗೂ ಸಾಲುವಷ್ಟು ಬುತ್ತಿಯನ್ನು ಹೊರಡುವಾಗಲೇ ಹೊರಬೇಕು. ಹೊರೆ ಹೆಚ್ಚಿದರೆ ಹಸಿವು ಹೆಚ್ಚು. ಹಸಿವು ಹೆಚ್ಚಿದರೆ ಬುತ್ತಿಯೂ ಹೆಚ್ಚು ಬೇಕು. ರಾಕೆಟ್ಟಿನ ಸಂಕಟವೂ ಇಂಥದೇ. ಇಂಧನವೇ ಅದರ ಬುತ್ತಿ. ಚಂದ್ರನಲ್ಲಿ ಗಾಳಿಯಿಲ್ಲದ ಕಾರಣ ಪ್ಯಾರಾಚೂಟು ಕೆಲಸಕ್ಕೆ ಬಾರದು. ಮೆಲ್ಲನೆ ಇಳಿಯುವುದಕ್ಕೂ ಇಂಧನ ಉರಿಸಬೇಕು, ಮೇಲೇಳುವುದಕ್ಕೂ ಉರಿಸಬೇಕು.

ಅಪೊಲೊ ಯಾತ್ರೆಯವರು ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಹಿಂದಿರುಗುವ ಬುತ್ತಿಯನ್ನು ನಡುದಾರಿಯ ಛತ್ರದಲ್ಲಿಟ್ಟು, ಹಗುರಾಗಿ ಮುಂದೆ ಹೋಗುವ ಉಪಾಯ. ಮನೆಗೆ ಮರಳುವ ನೌಕೆಯಲ್ಲಿ ಕಾಲಿನ್ಸ್ ಚಂದ್ರನನ್ನು ಸುತ್ತುತ್ತಲೇ ಇದ್ದ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಮಾತ್ರ ಚಿಕ್ಕ ನೌಕೆಯಲ್ಲಿ ಕೆಳಗಿಳಿದರು. ಮರಳುವಾಗ ಅದರ ಕೆಳಭಾಗವನ್ನೂ ಅಲ್ಲಿಯೇ ಬಿಟ್ಟು, ಮೇಲ್ಭಾಗದಲ್ಲಿ ಹಾರಿಬಂದು ಕಾಲಿನ್ಸನ ನೌಕೆಯನ್ನು ಕೂಡಿಕೊಂಡರು. ಆ ಕೂಡುವಿಕೆ ತಪ್ಪಿದ್ದರೆ ಇಬ್ಬರಿಗೂ ಊರಿನ ದಾರಿ ಇರಲಿಲ್ಲ.

ಭೂಮಿಯ ಬಾಗಿಲಲ್ಲಿ ಇನ್ನೊಂದು ಗಂಡಾಂತರವಿದೆ. ಚಂದ್ರನಿಂದ ಬರುವ ನೌಕೆ ಗಂಟೆಗೆ ಸುಮಾರು 40,000 ಕಿಲೋಮೀಟರ್ ವೇಗದಲ್ಲಿ ನಮ್ಮ ವಾಯುಮಂಡಲವನ್ನು ಹೊಗುತ್ತದೆ. ಆ ಬೆಂಕಿಯಿಂದ ಕಾಪಾಡುವುದು ಅದರ ತಳದ ಶಾಖಕವಚ. ಅಮೆರಿಕದ ಹೊಸ ಯೋಜನೆಯ ಹೆಸರು ಆರ್ಟೆಮಿಸ್. ಅದರ ಮೊದಲ ನೌಕೆ 2022ರಲ್ಲಿ ಜನರಿಲ್ಲದೆ ಹೋಗಿಬಂದಾಗ, ಕವಚವು ನಿರೀಕ್ಷಿಸದ ರೀತಿಯಲ್ಲಿ ಅಲ್ಲಲ್ಲಿ ಕಳಚಿದ್ದು ಕಂಡಿತು. ಕಾರಣ ಹುಡುಕಲು ಎರಡು ವರ್ಷ ಹಿಡಿಯಿತು. ನಾಲ್ವರನ್ನು ಒಯ್ಯುವ ಎರಡನೆಯ ಯಾನವನ್ನು ಮುಂದೂಡಿ, ಅದು ವಾಯುಮಂಡಲವನ್ನು ಹೊಗುವ ಬಗೆಯನ್ನೇ ಬದಲಿಸಲು ತೀರ್ಮಾನಿಸಿದರು. ಆ ಯಾನದ ದಾರಿಯನ್ನೂ ಚಂದ್ರನ ಮೇಲೆ ಇಳಿಯದೆ, ಅದರ ಹಿಂಬದಿಯನ್ನು ಬಳಸಿ, ಭೂಮಿಯ ಸೆಳೆತದಿಂದಲೇ ಹಿಂದಿರುಗುವಂತೆ ರೂಪಿಸಿದರು. ಮರಳುವುದು ಖಚಿತವಾದ ಮೇಲೆಯೇ ಇಳಿಯುವ ಮಾತು.

ನಮ್ಮ ದೇಶವು 2040ರ ಹೊತ್ತಿಗೆ ಭಾರತೀಯನೊಬ್ಬನನ್ನು ಚಂದ್ರನಿಗೆ ಕಳುಹಿಸುವ ಗುರಿಯನ್ನು 2023ರಲ್ಲಿ ಇಟ್ಟುಕೊಂಡಿತು. ಅಂದು ನಮಗೆ ಕಾಣದ ಒಂದೆರಡು ಸಂಗತಿಗಳು ಆ ದಾರಿಯ ಮೊದಲ ಹೆಜ್ಜೆಗಳು. ಇಳಿದ ಕೆಲವು ದಿನಗಳ ಮೇಲೆ ವಿಕ್ರಮ್ ತನ್ನ ಎಂಜಿನ್ನುಗಳನ್ನು ಮತ್ತೆ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕಕ್ಕೆ ಕುಳಿತಿತು. ಮೊಣಕಾಲೆತ್ತರವಾದರೂ ಅದು ಚಂದ್ರನಿಂದ ಎದ್ದದ್ದೇ ಸರಿ! ವಿಕ್ರಮನನ್ನು ಹೊತ್ತೊಯ್ದಿದ್ದ ಭಾಗವನ್ನು ಚಂದ್ರನ ಕಕ್ಷೆಯಿಂದ ಭೂಮಿಯ ಕಕ್ಷೆಗೆ ಮರಳಿ ತಂದರು. 2025ರ ಜನವರಿ 16ರಂದು ಎರಡು ಉಪಗ್ರಹಗಳನ್ನು ಆಕಾಶದಲ್ಲಿ ಒಂದಕ್ಕೊಂದು ಜೋಡಿಸಿದರು. ಈ ವಿದ್ಯೆಗಳೆಲ್ಲ ಕೂಡಿ ಬರಬೇಕಾದುದು ಚಂದ್ರಯಾನ-4ರಲ್ಲಿ. ಅಲ್ಲಿಯ ಮಣ್ಣನ್ನು ಇಲ್ಲಿಗೆ ತರುವ ಈ ಯೋಜನೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 2,104 ಕೋಟಿ ರೂಪಾಯಿ ಮಂಜೂರು ಮಾಡಿತು. ಮೊದಲು ಮಣ್ಣು ಸುಕ್ಷೇಮವಾಗಿ ಬರಲಿ. ಆಮೇಲೆ ಮನುಷ್ಯ ಹೋಗಲಿ.

ಈಗ ಎಲ್ಲರ ಕಣ್ಣು ಚಂದ್ರನ ದಕ್ಷಿಣ ಧ್ರುವದ ಮೇಲಿರುವುದಕ್ಕೂ ಬುತ್ತಿಯೇ ಕಾರಣ. 2008ರಲ್ಲಿ ಹೋದ ನಮ್ಮ ಚಂದ್ರಯಾನ-1ರ ಉಪಕರಣಗಳು ಚಂದ್ರನಲ್ಲಿ ನೀರಿನ ಅಂಶದ ಗುರುತನ್ನು ಕಂಡವು. ಧ್ರುವದ ಬಿಸಿಲು ಬೀಳದ ಕುಳಿಗಳಲ್ಲಿ ಹಿಮವಿದೆ. ನೀರನ್ನು ಒಡೆದರೆ ಜಲಜನಕ, ಆಮ್ಲಜನಕ. ಅವೇ ಉಸಿರು, ಅವೇ ಇಂಧನ. ಸಾಕಷ್ಟು ಹಿಮ ಕೈಗೆಟುಕಿದರೆ ಬರುವ ದಾರಿಯ ಬುತ್ತಿಯನ್ನು ಇಲ್ಲಿಂದ ಹೊರಬೇಕಾಗಿಲ್ಲ.

ಹಾಸನದ ಇಸ್ರೋ ಕೇಂದ್ರವೇ ಚಂದ್ರಯಾನವನ್ನು ನಡೆಸಿತೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಹಾಗಲ್ಲ. ಆ ಕೆಲಸ ಬೆಂಗಳೂರಿನ ಕೇಂದ್ರದ್ದು. ಅದರ ಕಿವಿಗಳು ಬ್ಯಾಲಾಳಿನ ದೊಡ್ಡ ಆಂಟೆನಾಗಳು. 1982ರಿಂದ ಹಾಸನದ ಕೇಂದ್ರವು ನೋಡಿಕೊಳ್ಳುತ್ತಿರುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು. ಚಂದ್ರನಾದರೋ ಅದಕ್ಕೆ ಹತ್ತರಷ್ಟು ದೂರ. ಆದರೂ ಎರಡು ಕಡೆಯೂ ಹಗಲಿರುಳು ಎಚ್ಚರವಾಗಿರುವವರು ನಮ್ಮಂಥ ಮನೆಗಳಿಂದ ಬಂದು ಕಲಿತವರೇ.

ನಾನು ಕಾಲೇಜಿಗೆ ಸೇರಿದ ದಿನ ತಂದೆಯವರು ಹಾಸನದ ಬಸ್ಸು ಎಷ್ಟು ಗಂಟೆಗೆಂದು ಕೇಳಲಿಲ್ಲ. ಊರಿಗೆ ಬರುವ ಕಡೆಯ ಬಸ್ಸು ಎಷ್ಟು ಗಂಟೆಗೆಂದು ಕೇಳಿದರು. ಮೇಲಿನದನ್ನೆಲ್ಲ ಮೊನ್ನೆ ಅವರಿಗೆ ಹೇಳಿದೆ. ಬುತ್ತಿಯ ಲೆಕ್ಕ ಚೆನ್ನಾಗಿ ಹಿಡಿಸಿತು. "ಹಂಗಾದ್ರೆ ನಿಧಾನವಾಗೇ ಹೋಗ್ಲಿ" ಎಂದರು. ದೊಡ್ಡ ದೇಶಗಳ ವಿಜ್ಞಾನಿಗಳೂ ಸಾಹಸದ ಆತುರದಲ್ಲಿ ಮರೆಯಬಾರದ ಮಾತು ಅದೇ ಎಂದು ನನ್ನ ಭಾವನೆ.