ನಡುಹಗಲಿನ ನೆರಳು

“ಮಧ್ಯಾಹ್ನ ಹನ್ನೆರಡು ಗಂಟೆಗೆ ಸೂರ್ಯನು ನೆತ್ತಿಯ ಮೇಲಿರುತ್ತಾನೆ, ಆಗ ನೆರಳು ಬೀಳುವುದಿಲ್ಲ.” ಚಿಕ್ಕಂದಿನಲ್ಲಿ ನಾನೂ ಹೀಗೆ ಬರೆದು ಪೂರ್ಣ ಅಂಕ ಪಡೆದವನೇ. ಮಾರ್ಗಶಿರ ಮಾಸದ ನಡುಹಗಲಿನಲ್ಲಿ ನಮ್ಮ ಅಂಗಳದ ತುಳಸಿಕಟ್ಟೆಯ ನೆರಳು ಉದ್ದಕ್ಕೆ ಮಲಗಿರುತ್ತಿತ್ತು. ಅದನ್ನು ದಿನವೂ ದಾಟಿಯೇ ಓಡಾಡುತ್ತಿದ್ದೆ. ಪರೀಕ್ಷೆಯ ಹಾಳೆಯ ಮುಂದೆ ಕುಳಿತಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಆ ಉತ್ತರದಲ್ಲಿ ತಪ್ಪುಗಳು ಎರಡು. ಮೊದಲನೆಯದು ಗಂಟೆಯದು. ನಾವು ರೇಡಿಯೋ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತೇವಷ್ಟೆ. ಆ ವೇಳೆಯು 1906ರಿಂದ ನಡೆದುಬಂದಿರುವ ಭಾರತೀಯ ಕಾಲಮಾನ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಅದು ಹೊಂದುವಂಥದು. ಬಾಳೆಬರೆ ಘಾಟಿಯ ತಲೆಯಲ್ಲಿರುವ ನಮ್ಮ ಹುಲಿಕಲ್ ಸುಮಾರು 75 ಡಿಗ್ರಿಯಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ರೇಡಿಯೋದಲ್ಲಿ ಹನ್ನೆರಡೂವರೆ ಆಗುವ ಸುಮಾರಿಗೆ ಹುಲಿಕಲ್ಲಿನ ನಿಜವಾದ ನಡುಹಗಲು. ಅದೂ ಒಂದೇ ಸಮನಲ್ಲ. ಭೂಮಿಯ ಹಾದಿ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆ. ಹೀಗಾಗಿ ನವೆಂಬರ್ ಮೊದಲಲ್ಲಿ 12-14ಕ್ಕೇ ಆಗುವ ನಡುಹಗಲು ಫೆಬ್ರವರಿಯ ನಡುವಿನಲ್ಲಿ 12-44ರವರೆಗೆ ತಡವಾಗುತ್ತದೆ.

ಎರಡನೆಯ ತಪ್ಪು ನೆತ್ತಿಯದು. ಒಂದು ಮೀಟರು ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಬೊಟ್ಟು ಇಡಿರಿ. ಎಲ್ಲಕ್ಕಿಂತ ಗಿಡ್ಡನೆಯ ನೆರಳು ಬಿದ್ದ ಹೊತ್ತೇ ನಡುಹಗಲು. ಡಿಸೆಂಬರ್ 22ರಂದು ಆ ಗಿಡ್ಡ ನೆರಳೂ ಹುಲಿಕಲ್ಲಿನಲ್ಲಿ ಮುಕ್ಕಾಲು ಮೀಟರು ಇರುತ್ತದೆ, ನೇರವಾಗಿ ಉತ್ತರಕ್ಕೆ. ದಿನ ಕಳೆದಂತೆ ಅದು ಕುಗ್ಗುತ್ತ ಬಂದು ಏಪ್ರಿಲ್ 26ರ ಸುಮಾರಿಗೆ ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಸೂರ್ಯನು ನಿಜವಾಗಿ ನೆತ್ತಿಗೆ ಬರುವುದು ಅಂದು. ಆಮೇಲೆ ಆಗುವುದನ್ನು ಗಮನಿಸಿದವರು ಕಡಿಮೆ: ನೆರಳು ದಕ್ಷಿಣಕ್ಕೆ ಹೊರಳುತ್ತದೆ! ಜೂನ್ 21ಕ್ಕೆ ಅದು 17 ಸೆಂಟಿಮೀಟರು ದಕ್ಷಿಣಕ್ಕೆ ಚಾಚಿ, ಹಿಂತಿರುಗಿ, ಆಗಸ್ಟ್ 16ರ ಸುಮಾರಿಗೆ ಮತ್ತೊಮ್ಮೆ ಮಾಯವಾಗುತ್ತದೆ. ವರ್ಷಕ್ಕೆ ಎರಡೇ ಸಲ. ದೆಹಲಿಯವರಿಗಂತೂ ಒಂದು ಸಲವೂ ಇಲ್ಲ; ಸೂರ್ಯನು ಉತ್ತರಕ್ಕೆ ಇಪ್ಪತ್ಮೂರೂವರೆ ಡಿಗ್ರಿಯನ್ನು ಮೀರಿ ಹೋಗುವುದಿಲ್ಲ.

ಇಲ್ಲಿಗೇ ಮಕ್ಕಳ ಇನ್ನೊಂದು ಪ್ರಶ್ನೆ ಬಂದು ಕೂಡುತ್ತದೆ. ಬೇಸಿಗೆಯಲ್ಲಿ ಸೂರ್ಯನು ನಮಗೆ ಹತ್ತಿರ ಬರುವನೇ? ಇಲ್ಲ. ಭೂಮಿ ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರು. ಮಲೆನಾಡಿನಲ್ಲಿ ನಾವು ಕಂಬಳಿ ಹೊದ್ದಿರುವ ಕಾಲ! ಜುಲೈಯಲ್ಲಿ 50 ಲಕ್ಷ ಕಿಲೋಮೀಟರು ಹೆಚ್ಚು ದೂರ. ಸೆಕೆಗೆ ಕಾರಣ ಸಾಮೀಪ್ಯವಲ್ಲ, ಬಿಸಿಲು ಬೀಳುವ ಓರೆ. ನೆರಳು ಉದ್ದವಾದಾಗ ಅದೇ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ, ಹಗಲೂ ಗಿಡ್ಡ. ನೆತ್ತಿಯ ಬಿಸಿಲು ಒಂದೇ ಕಡೆ ಒತ್ತಾಗಿ ಬೀಳುತ್ತದೆ. ಹಾಗಾದರೆ ಜೂನಿನಲ್ಲಿ ಹಗಲು ಅತಿ ದೀರ್ಘ, ಸೂರ್ಯನೂ ನೆತ್ತಿಯ ಹತ್ತಿರವೇ. ಆಗ ಸೆಕೆ ಏಕಿಲ್ಲ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಬಹುದು. ಕೇಳಲೇಬೇಕು. ಅದಕ್ಕೆ ಉತ್ತರ ಆಕಾಶದ ಲೆಕ್ಕದಲ್ಲಿಲ್ಲ, ಅರಬ್ಬೀ ಸಮುದ್ರದಿಂದ ಬಂದು ಘಟ್ಟಕ್ಕೆ ತಾಗುವ ಮೋಡದಲ್ಲಿದೆ.

ಅದೇ ಮೋಡ ಆಗಸ್ಟಿನ ದಿನವನ್ನೂ ಹೆಚ್ಚಾಗಿ ನುಂಗಿಬಿಡುತ್ತದೆ. ಆದ್ದರಿಂದ ಹುಲಿಕಲ್ಲಿನ ಮಕ್ಕಳಿಗೆ ಏಪ್ರಿಲ್ ದಿನವೇ ಗತಿ. ಅಂದು ರೇಡಿಯೋದ ವೇಳೆಗೆ ಗಡಿಯಾರವನ್ನು ಹೊಂದಿಸಿಕೊಂಡು, 12-28ಕ್ಕೆ ಮಕ್ಕಳನ್ನು ತುಳಸಿಕಟ್ಟೆಯ ಬಳಿ ನಿಲ್ಲಿಸಿರಿ. ಒಂದು ದಿನ ತಪ್ಪಿದರೂ ಚಿಂತೆಯಿಲ್ಲ, ಮರುದಿನದ ನೆರಳು ಮೀಟರು ಕೋಲಿಗೆ ಅರ್ಧ ಬೆರಳಷ್ಟೂ ಇರದು.