ನರ್ಸ್ ಹೇಳಬೇಕಾಗಿದ್ದ ಮಾತು

ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಎಚ್‌ಪಿವಿ ಲಸಿಕೆಯ ಬಗ್ಗೆ ವಿಚಾರಿಸಲು ಆಸ್ಪತ್ರೆಗೆ ಹೋಗಿದ್ದರು. "ಅದೆಲ್ಲ ಮದುವೆಯಾದ ಮೇಲೆ ನೋಡಿದರಾಯಿತು" ಎಂದು ನರ್ಸ್ ಹಿಂದಕ್ಕೆ ಕಳುಹಿಸಿದರಂತೆ. ವಾಸ್ತವದಲ್ಲಿ ಈ ಲಸಿಕೆಯಿಂದ ಹೆಚ್ಚಿನ ಪ್ರಯೋಜನವಿರುವುದೇ ಮದುವೆಗೆ ಬಹಳ ಮುಂಚೆ, 9ರಿಂದ 14ರ ವಯಸ್ಸಿನಲ್ಲಿ. ವೈರಸ್ ದೇಹವನ್ನು ಸೇರಿದ ಮೇಲೆ ಲಸಿಕೆ ಅದನ್ನು ಗುಣಪಡಿಸುವುದಿಲ್ಲ.

ಗರ್ಭಕಂಠದ ಕ್ಯಾನ್ಸರ್‌ಗೆ ಈ ವೈರಸ್ ಕಾರಣವೆಂದು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್‌ರಿಗೆ 2008ರಲ್ಲಿ ನೊಬೆಲ್ ದೊರೆಯಿತು. ಇದರ 16 ಮತ್ತು 18ನೆಯ ಬಗೆಗಳೇ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ. ಹೆಚ್ಚಿನವರಲ್ಲಿ ಸೋಂಕು ತಾನಾಗಿಯೇ ಹೋಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು 15-20 ವರ್ಷ ಬೇಕಾಗಬಹುದು.

"ಲಸಿಕೆ ಹಾಕಿಸಿದರೆ ಮಗಳ ನಡತೆಯ ಬಗ್ಗೆ ಜನ ಏನೆಂದಾರು?" ಆ ತಾಯಿಯ ನಿಜವಾದ ಅಳುಕು ಇದೇ. ಸೋಂಕು ದೈಹಿಕ ಸಂಪರ್ಕದಿಂದ ಹರಡುತ್ತದೆ, ನಿಜ. ಆದರೆ ಪತಿಯನ್ನು ಬಿಟ್ಟು ಬೇರಾರನ್ನೂ ಅರಿಯದ ಹೆಣ್ಣಿಗೂ ಅದು ತಗಲಬಹುದು. ಹೆಪಟೈಟಿಸ್-ಬಿ ಕೂಡ ಹಾಗೆ ಹರಡಬಲ್ಲದು. ಅದರ ಲಸಿಕೆಯನ್ನು ಹುಟ್ಟಿದ ಮಗುವಿಗೇ ಹಾಕಿಸುತ್ತೇವೆ, ಯಾರೂ ನಡತೆಯ ಮಾತೆತ್ತುವುದಿಲ್ಲ!

ನರ್ಸುಗಳನ್ನು ದೂರುವುದು ಸುಲಭ. ಅವರಿಗೆ ಹೇಳಿಕೊಟ್ಟವರಾರು? ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ವಿನೆಗರ್ ಹಚ್ಚಿ ಗರ್ಭಕಂಠ ಪರೀಕ್ಷಿಸುವುದನ್ನು ಕಲಿಸಿದರು. ಈ ಕ್ಯಾನ್ಸರ್‌ನಿಂದಾಗುವ ಸಾವು ಶೇ. 31ರಷ್ಟು ಇಳಿಯಿತೆಂದು 2013ರಲ್ಲಿ ತಿಳಿದುಬಂತು.

ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಈ ವಯಸ್ಸಿನವರಿಗೆ ಒಂದೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಇಷ್ಟನ್ನು ತಿಳಿಸಿ, "ನೀವು ಪರೀಕ್ಷೆ ಮಾಡಿಸಿಕೊಂಡಿದ್ದೀರಾ?" ಎಂದು ಕೇಳಿದೆ. ಮೂವತ್ತು ದಾಟಿದವರಿಗೆ ಅದು ಬೇಕು, ಲಸಿಕೆ ಪಡೆದಿದ್ದರೂ ಬೇಕು. ಆ ತಾಯಿ ತಲೆಯಾಡಿಸಿದರು, ಇಲ್ಲವೆಂದು.